ಚಹಾ ಸೇರದ ತಿಂಗಳುಗಳು

ಆ ಮನೆಯಲ್ಲಿ ದುಡಿಯುವ ಹೆಂಗಸರು ಇಬ್ಬರು. ಇಬ್ಬರದೂ ಬಾಯಿರುಚಿಯ ಕಸುಬೇ ಆದರೂ ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಆಗಿಬರುತ್ತಿರಲಿಲ್ಲ.

ಅತ್ತೆ ಆಫೀಸುಗಳಿಗೆ ಮಧ್ಯಾಹ್ನದ ಊಟದ ಡಬ್ಬಿ ಕಳಿಸುವವರು. ಅವರ ದೊಡ್ಡ ಬಾಣಲೆಗೆ ಈರುಳ್ಳಿ, ಬೆಳ್ಳುಳ್ಳಿ ಬಿದ್ದರೆ ಅದರ ಘಮ ಮೆಟ್ಟಿಲಿಳಿದು ಬೀದಿಯ ತಿರುವಿನವರೆಗೂ ಹೋಗುತ್ತಿತ್ತು. ಸೊಸೆ ಚಹಾ ಕಂಪನಿಯಲ್ಲಿ ರುಚಿ ನೋಡುವವಳು. ತೋಟಗಳಿಂದ ಬಂದ ಎಲೆ ಚಹಾದ ಮಾದರಿಗಳನ್ನು ಬೇರೆ ಬೇರೆ ಬಟ್ಟಲುಗಳಲ್ಲಿ ಕುದಿನೀರು ಹಾಕಿ ಇಳಿಸಿ, ಒಂದೊಂದು ಚಮಚ ಸೊರ್ರೆಂದು ಎಳೆದುಕೊಂಡು, ಬಾಯಲ್ಲಿ ಆಡಿಸಿ, ಉಗುಳಿ, ಇದು ಒಗರು, ಇದು ಚಪ್ಪೆ, ಇದು ಒಣಗಿಸುವಾಗ ಸೀದಿದೆ ಎಂದು ಹೇಳಬೇಕು. ಕೂದಲಿಗೆ ಬೆಳ್ಳುಳ್ಳಿ ವಾಸನೆ ಹತ್ತಿತೆಂದರೆ ಅವತ್ತಿನ ಕೆಲಸ ಕೆಟ್ಟ ಹಾಗೆ.

ಮದುವೆಯಾಗಿ ಬಂದ ವರ್ಷ ಇದಕ್ಕೆ ಸಾಕಷ್ಟು ಮಾತುಕತೆ, ಮುಖ ಊದಿಸಿಕೊಳ್ಳುವುದು ಎಲ್ಲ ಆಗಿತ್ತು. ಆಮೇಲೆ ರಾಜಿಯಾಯಿತು. ಸೊಸೆ ಹೊರಡುವ ತನಕ ಅತ್ತೆ ತರಕಾರಿ ಹೆಚ್ಚುವುದು, ಅನ್ನ ಬೇಳೆ ಬೇಯಿಸುವುದು ಮಾತ್ರ. ಅವಳು ಚಪ್ಪಲಿ ಮೆಟ್ಟಿದ ಮೇಲೆ ಬಾಣಲೆ.

"ಹೊರಟ್ಯಾ? ಎಣ್ಣೆ ಕಾಯ್ತಾ ಇದೆ!" ಎಂದು ಅತ್ತೆ ಒಳಗಿಂದ ಕೂಗುವರು.

"ಹೊರಟೆ ಹೊರಟೆ, ಹಾಕಿ!" ಎಂದು ಸೊಸೆ ಬಾಗಿಲಿನಿಂದ ಕೂಗುವಳು.

ಡಬ್ಬಿ ತಲುಪಿಸುವ ಕೆಲಸ ಮಾವನದು. ಅವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಹಳೆಯ ಮೊಪೆಡ್ಡಿನ ಹಿಂದೆ ಡಬ್ಬಿಗಳ ಪೆಟ್ಟಿಗೆ ಕಟ್ಟಿಕೊಂಡು ಹೊರಡುವಾಗ "ರೈಟ್, ರೈಟ್" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಮಗ ಲಿಫ್ಟ್ ಮೆಕ್ಯಾನಿಕ್. ಮಾತು ಕಡಿಮೆ, ಕೈಯಲ್ಲಿ ಯಾವಾಗಲೂ ಗ್ರೀಸಿನ ಕಲೆ.

ಹಿಂದೊಮ್ಮೆ ಸೊಸೆ ಬಸುರಿಯಾಗಿದ್ದಳು. ನಾಲ್ಕನೇ ತಿಂಗಳಲ್ಲಿ ಹೋಯಿತು. ಯಾರ ತಪ್ಪೂ ಅಲ್ಲ, ಕೆಲವು ಸಲ ಹೀಗಾಗುತ್ತದೆ ಎಂದರು ಡಾಕ್ಟರು. ಆಸ್ಪತ್ರೆಯಿಂದ ಬಂದ ವಾರ ಗಂಡ ಒಮ್ಮೆ ಮಾತ್ರ, "ದಿನವಿಡೀ ನಿಂತ್ಕೊಂಡು ಮಾಡೋ ಕೆಲಸ. ಇನ್ನೇನಾಗುತ್ತೆ," ಎಂದಿದ್ದ. ಆಮೇಲೆ ಆ ಮಾತು ಎತ್ತಲಿಲ್ಲ. ಅವಳೂ ಎತ್ತಲಿಲ್ಲ, ಮರೆಯಲೂ ಇಲ್ಲ.

ಈ ಸಲ ಮೊದಲು ಕಂಡುಹಿಡಿದವರು ಅತ್ತೆ. ಬೆಳಗಿನ ಚಹಾವನ್ನು ಸೊಸೆ ಸದ್ದಿಲ್ಲದೆ ಸಿಂಕಿಗೆ ಸುರಿಯುವುದನ್ನು ನೋಡಿದರು.

"ಯಾಕೆ, ನನ್ನ ಟೀ ನಿಮ್ಮ ಕಂಪನಿ ಪರೀಕ್ಷೆಲಿ ಫೇಲಾಯ್ತಾ?"

"ಹೊಟ್ಟೆ ಸರಿ ಇಲ್ಲ ಅತ್ತೆ."

"ಮೊನ್ನೆಯಿಂದ ಸರಿ ಇಲ್ಲ. ನಿನ್ನೆ ಹಾಲು ಉಕ್ಕಿದಾಗ ಮೂಗು ಮುಚ್ಕೊಂಡು ಓಡಿದೆ. ನಾನೇನು ಕಣ್ಣಿಲ್ಲದವಳಾ?"

ಸೊಸೆ ನಲ್ಲಿ ತಿರುಗಿಸಿ ಪಕ್ಕದಲ್ಲಿದ್ದ ಇನ್ನೊಂದು ಲೋಟ ತೊಳೆಯತೊಡಗಿದಳು. ಅದು ಆಗಲೇ ತೊಳೆದಾಗಿತ್ತು.

"ಎಷ್ಟಾಯ್ತು?"

"ಇನ್ನೂ ಎರಡು ತುಂಬಿಲ್ಲ."

ಅತ್ತೆ ಸ್ಟೂಲಿನ ಮೇಲೆ ಕುಳಿತರು. ಕೈಯಲ್ಲಿ ಅರ್ಧ ಸುಲಿದ ಈರುಳ್ಳಿ ಹಾಗೇ ಇತ್ತು. "ಅವನಿಗೆ ಹೇಳಿದ್ಯಾ?"

"ಇಲ್ಲ. ನೀವೂ ಹೇಳ್ಬೇಡಿ. ಪರೀಕ್ಷೆ ಮುಗೀಲಿ."

ಪರೀಕ್ಷೆಯ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಂಪನಿಯ ಮುಖ್ಯ ರುಚಿಗಾರರು, ಎಲ್ಲರೂ 'ದೊಡ್ಡವರು' ಎಂದು ಕರೆಯುತ್ತಿದ್ದ ಮುದುಕರು, ಮುಂದಿನ ತಿಂಗಳು ನಿವೃತ್ತರಾಗುವವರಿದ್ದರು. ಅವರ ಜಾಗಕ್ಕಾಗಿ ಪರೀಕ್ಷೆಗೆ ನಿಂತವರು ಇಬ್ಬರು: ಈ ಸೊಸೆ, ಮತ್ತೆ ಅವಳ ಜೊತೆಯಲ್ಲೇ ಕೆಲಸಕ್ಕೆ ಸೇರಿದ್ದ ಕನ್ನಡಕದವರು.

"ಅಂದ್ರೆ ನಿನಗೆ ಆ ಕುರ್ಚಿ ಮುಖ್ಯ," ಎಂದರು ಅತ್ತೆ.

"ಎರಡೂ ಮುಖ್ಯ."

"ಎರಡೂ ಮುಖ್ಯ ಅಂದೋರಿಗೆ ಈ ಮನೇಲಿ ಯಾರೂ ಪದಕ ಕೊಟ್ಟಿಲ್ಲ ತಾಯಿ. ಇವನು ಹೊಟ್ಟೇಲಿದ್ದಾಗ ಒಂಬತ್ತನೇ ತಿಂಗಳವರೆಗೂ ನಾನು ಡಬ್ಬಿ ಕಟ್ಟಿದೀನಿ." ಅವರು ಎದ್ದು ಈರುಳ್ಳಿಯನ್ನು ಬುಟ್ಟಿಗೆ ಹಾಕಿದರು. "ಹೇಳಲ್ಲ. ಆದ್ರೆ ನನಗೆ ಸುಳ್ಳು ಹೇಳಕ್ಕೆ ಬರಲ್ಲ. ಅವನು ನೆಟ್ಟಗೆ ಕೇಳಿದ್ರೆ ಬಾಯಿ ಬಿಡ್ತೀನಿ."

ಮಾರನೆಯ ದಿನ ಅತ್ತೆ ತಮ್ಮ ಡಬ್ಬಿ ಅಡುಗೆಯ ಒಲೆಯನ್ನು ತಾರಸಿಗೆ ಸಾಗಿಸಿದರು. ನೀರಿನ ತೊಟ್ಟಿಯ ಪಕ್ಕ ತಗಡಿನ ಮಾಡು ಇತ್ತು. ಮಾವ ಸಿಲಿಂಡರನ್ನು ಮೆಟ್ಟಿಲು ಮೆಟ್ಟಿಲಿಗೂ ಇಳಿಸಿ, ಉಸಿರು ಬಿಟ್ಟು, ಮೇಲೆ ಹೊತ್ತರು.

"ಇಷ್ಟು ವರ್ಷ ಇಲ್ಲದ ಸೆಕೆ ಈಗೇನು ಬಂತು ನಿನಗೆ?"

"ವಯಸ್ಸಾಯ್ತು, ಸೆಕೆ ಆಗುತ್ತೆ. ಹೊರ್ತೀರೋ, ಪಕ್ಕದ ಮನೆಯವರನ್ನ ಕರೀಲೋ?"

ಮಾವ ಹೊತ್ತರು.

ಮನೆಯೊಳಗಿನ ಊಟ ಬದಲಾಯಿತು. ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಕ್ಯಾರೆಟ್ಟು, ಉಪ್ಪು ಹಾಕಿದ ಬೇಳೆ. ಒಂದು ವಾರ ಗಂಡಸರಿಬ್ಬರೂ ಸುಮ್ಮನೆ ತಿಂದರು. ಆಮೇಲೆ ಮಾವನಿಗೆ ತಡೆಯಲಾಗಲಿಲ್ಲ.

"ಯಾರಿಗೆ ಕಾಯಿಲೆ ಈ ಮನೇಲಿ? ಹೇಳ್ಬಿಡಿ, ಹೂವು ತರ್ತೀನಿ, ಕಿತ್ತಳೆ ತರ್ತೀನಿ."

"ಅಮ್ಮ, ನಿನ್ನ ಡಬ್ಬಿ ಊಟ ಮಾಡೋರಿಗೂ ಇದೇನಾ?" ಎಂದ ಮಗ.

"ಅವರು ದುಡ್ಡು ಕೊಡ್ತಾರೆ, ಅವರಿಗೆ ಹುರಿದು ಕೊಡ್ತೀನಿ. ನೀನು ಪುಕ್ಕಟೆ ತಿನ್ನೋನು, ಬೇಯಿಸಿದ್ದು ತಿನ್ನು."

ಸೊಸೆ ತಲೆ ಎತ್ತದೆ ಬೇಳೆ ಕಲಸಿಕೊಂಡಳು.

ಕಂಪನಿಯಲ್ಲಿ ಅವಳ ಪಾಡು ಬೇರೆಯೇ ಆಗಿತ್ತು. ರುಚಿ ನೋಡುವ ಕೋಣೆಯಲ್ಲಿ ಗೋಡೆಯುದ್ದಕ್ಕೂ ಬಿಳಿ ಕಲ್ಲಿನ ಕಟ್ಟೆ, ಅದರ ಮೇಲೆ ಬಿಳಿ ಬಟ್ಟಲುಗಳು, ಹಿಂದೆ ಮುಚ್ಚಳದಲ್ಲಿ ಗುಡ್ಡೆ ಹಾಕಿದ ನೆಂದ ಎಲೆಗಳು. ಮೊದಲು ಆ ಕೋಣೆಗೆ ಕಾಲಿಟ್ಟರೆ ಅವಳಿಗೆ ಮನಸ್ಸು ಅರಳುತ್ತಿತ್ತು. ಈಗ ಬಾಗಿಲಲ್ಲೇ ಗೋಣಿಚೀಲದ ವಾಸನೆ, ಬಟ್ಟಲು ಒರೆಸುವ ಬಟ್ಟೆಯ ಸೋಪಿನ ವಾಸನೆ, ಕನ್ನಡಕದವರು ತಲೆಗೆ ಹಚ್ಚಿಕೊಂಡ ಎಣ್ಣೆಯ ವಾಸನೆ ಬೇರೆ ಬೇರೆಯಾಗಿ ಬಂದು ಮೂಗಿಗೆ ಬಡಿಯುತ್ತಿದ್ದವು. ಮೂಗು ಮೊಂಡಾಗಿರಲಿಲ್ಲ, ಹರಿತವಾಗಿತ್ತು. ಯಾವ ಚಹಾ ಯಾವುದಕ್ಕಿಂತ ಹೇಗೆ ಬೇರೆ ಎಂದು ಮೊದಲಿಗಿಂತ ಬೇಗ ಹೇಳಬಲ್ಲವಳಾಗಿದ್ದಳು. ಯಾವುದು ಚೆನ್ನಾಗಿದೆ ಎಂದು ಮಾತ್ರ ಹೇಳಲಾರಳು. ಯಾವುದೂ ಚೆನ್ನಾಗಿರಲಿಲ್ಲ. ಎಲ್ಲವೂ ಬಾಯಿಂದ ಆಚೆ ಹೋದರೆ ಸಾಕು ಎನ್ನಿಸುತ್ತಿತ್ತು.

"ಅರ್ಧ ಕೆಲಸ ಮಾಡ್ತೀನಿ ಅಷ್ಟೇ," ಎಂದು ಅವಳು ಅತ್ತೆಯ ಹತ್ತಿರ ಹೇಳಿಕೊಂಡಳು. "ಇದು ಅದಲ್ಲ ಅಂತ ಗೊತ್ತಾಗುತ್ತೆ. ಜನಕ್ಕೆ ಯಾವುದು ಇಷ್ಟ ಆಗುತ್ತೆ ಅಂತ ಗೊತ್ತಾಗಲ್ಲ. ಪರೀಕ್ಷೇಲಿ ಅದನ್ನೂ ಕೇಳ್ತಾರೆ."

"ಜನ ಅಂದ್ರೆ ಯಾರೇ? ನಾನಿಲ್ವಾ, ನಿಮ್ಮ ಮಾವ ಇಲ್ವಾ? ತಗೊಂಡು ಬಾ. ಕುಡೀತೀವಿ."

ಹೀಗಾಗಿ ಭಾನುವಾರದ ಬೆಳಗ್ಗೆ ಊಟದ ಮೇಜಿನ ಮೇಲೆ ಬಟ್ಟಲುಗಳು ಸಾಲಾದವು. ಕೆಲಸ ಮುಗಿದು ಉಳಿದ ಮಾದರಿಗಳನ್ನು ಕೇಳಿ ತಂದಿದ್ದಳು. ಅವಳು ಒಂದೊಂದನ್ನೂ ಎಳೆದು, ಉಗುಳಿ, ಏನನ್ನಿಸಿತು ಎಂದು ಮನಸ್ಸಿನಲ್ಲಿಟ್ಟುಕೊಳ್ಳುವಳು. ಆಮೇಲೆ ಹಾಲು, ಸಕ್ಕರೆ ಬೆರೆಸಿ ಅವರಿಬ್ಬರಿಗೂ ಕೊಡುವಳು.

"ಹೀರೋದು ಹೇಗಮ್ಮ, ನಿನ್ನ ಹಾಗೆ ಸದ್ದು ಮಾಡ್ಬೇಕಾ?" ಎಂದರು ಮಾವ.

"ಮಾಡಿ. ಗಾಳಿ ಜೊತೆ ಹೋದ್ರೆ ರುಚಿ ಮೂಗಿಗೂ ಹತ್ತುತ್ತೆ."

ಮಾವ ಎಳೆದ ಸದ್ದಿಗೆ ಕಿಟಕಿಯ ಮೇಲಿದ್ದ ಪಾರಿವಾಳ ಹಾರಿತು. "ಇದು ಬೆಳಗಿನ ಮೊದಲ ಟ್ರಿಪ್ಪಿಗೆ ಮುಂಚೆ ಕುಡಿಯೋ ಟೀ. ಕಪಾಳಕ್ಕೆ ಹೊಡೆದು ಎಬ್ಬಿಸುತ್ತೆ," ಎಂದರು. ಇನ್ನೊಂದು ಬಟ್ಟಲು ಮುಟ್ಟಿ, "ಇದು ಬರೀ ಬಣ್ಣ. ಮಾತು ದೊಡ್ಡದು, ಕೈಲೇನೂ ಆಗಲ್ಲ," ಎಂದರು.

ಅತ್ತೆ ಮೂರನೆಯದನ್ನು ಕುಡಿದು ಕೆಳಗಿಟ್ಟರು. "ಇದು ನೆಂಟರು ಬೇಗ ಎದ್ದು ಹೋಗಲಿ ಅಂತ ಕೊಡೋ ಟೀ."

ಸೊಸೆ ಎಷ್ಟೋ ದಿನಗಳ ಮೇಲೆ ನಕ್ಕಳು. ಅವರು ನೆಂಟರ ಚಹಾ ಎಂದದ್ದರಲ್ಲಿ ಅವಳಿಗೆ ಹಸಿ ಎಲೆಯ ವಾಸನೆ ಸಿಕ್ಕಿತ್ತು. ಕಪಾಳಕ್ಕೆ ಹೊಡೆಯುವುದರಲ್ಲಿ ಗಟ್ಟಿ ಒಗರು. ತನ್ನ ನಾಲಿಗೆ ಹೇಳುವುದಕ್ಕೂ ಅವರ ಬಾಯಿ ಹೇಳುವುದಕ್ಕೂ ಹೀಗೆ ಗಂಟು ಹಾಕುತ್ತಾ ಹೋದರೆ ದಾರಿ ಸಿಗಬಹುದು ಎನ್ನಿಸಿತು.

ಎರಡನೆಯ ಭಾನುವಾರ ಗಂಡ ಕೆಲಸದಿಂದ ಬೇಗ ಬಂದ. ಮೂವರೂ ಬಟ್ಟಲುಗಳ ಸುತ್ತ ಕುಳಿತಿದ್ದು ನೋಡಿ ಅವನಿಗೂ ಹುರುಪು ಬಂತು. ಒಲೆಯ ಮೇಲಿದ್ದ ಹಾಲನ್ನು ಒಂದು ಬಟ್ಟಲಿಗೆ ಧಾರಾಳವಾಗಿ ಸುರಿದು, "ನೀನೂ ಒಂದು ಸಲ ಮನುಷ್ಯರ ಹಾಗೆ ಕುಡಿ, ಉಗುಳ್ಬೇಡ," ಎಂದು ಹೆಂಡತಿಯ ಮೂಗಿನ ಹತ್ತಿರವೇ ಹಿಡಿದ.

ಅವಳು ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು.

"ಹಿಡ್ಕೊಳೋ ಅವಳನ್ನ! ನೆಲ ಒದ್ದೆ ಇದೆ, ಇಂಥಾ ಹೊತ್ತಲ್ಲಿ ಜಾರಿ ಬಿದ್ರೆ..." ಅತ್ತೆ ನಾಲಿಗೆ ಕಚ್ಚಿಕೊಂಡರು.

ಮಗ ಬಟ್ಟಲು ಹಿಡಿದುಕೊಂಡೇ ನಿಂತಿದ್ದ. "ಎಂಥಾ ಹೊತ್ತು?"

ಬಚ್ಚಲಿನಿಂದ ನೀರಿನ ಸದ್ದು ಬರುತ್ತಿತ್ತು.

"ಅಮ್ಮ, ಎಂಥಾ ಹೊತ್ತು?"

"ಮೂರನೇ ತಿಂಗಳು," ಎಂದರು ಅತ್ತೆ.

"ನಿನಗೆ ಗೊತ್ತಿತ್ತು. ಅಪ್ಪನಿಗೆ?"

"ನನಗ್ಯಾರೂ ಟಿಕೆಟ್ ಕೊಟ್ಟಿಲ್ಲಪ್ಪ," ಎಂದರು ಮಾವ. ಆಮೇಲೆ ಮೆಲ್ಲಗೆ, "ಸಿಲಿಂಡರ್ ಹೊತ್ತ ದಿನ ಅಂದಾಜಾಯ್ತು," ಎಂದು ಸೇರಿಸಿದರು.

"ಅಂದ್ರೆ ಈ ಮನೇಲಿ ಗೊತ್ತಿಲ್ಲದೆ ಇದ್ದೋನು ನಾನೊಬ್ನೇ."

ಸೊಸೆ ಮುಖ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದಳು. "ನಾನೇ ಹೇಳ್ಬೇಡಿ ಅಂದಿದ್ದು. ಹೇಳಿದ್ರೆ ನೀವು ಕೆಲಸ ಬಿಡು ಅಂತೀರಿ."

"ಅಂತಿದ್ದೆ. ಈಗಲೂ ಅಂತೀನಿ. ಹೋದ ಸಲ ಆಗಿದ್ದು ಸಾಲ್ದಾ?"

"ಹೋದ ಸಲ ಆಗಿದ್ದು ಕೆಲಸದಿಂದ ಅಲ್ಲ. ಡಾಕ್ಟರು ಹೇಳಿದಾಗ ನೀವೂ ಅಲ್ಲೇ ಇದ್ರಿ."

"ಡಾಕ್ಟರು ಹೇಳ್ತಾರೆ. ಮನೆಗೆ ಬಂದು ಮಲಗಿದ್ದು ನೀನು!"

"ಹೌದು, ನಾನು. ನನಗೆ ಗೊತ್ತಿಲ್ವಾ ಅದು?"

ಅವನು ಬಟ್ಟಲನ್ನು ಮೇಜಿನ ಮೇಲಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು, ಬಂದ ದಾರಿಯಲ್ಲೇ ಇಳಿದು ಹೋದ. ಮಾವ ಹಾಲು ಬೆರೆತ ಆ ಚಹಾವನ್ನು ಏನು ಮಾಡಬೇಕೆಂದು ತಿಳಿಯದೆ ತಾವೇ ಕುಡಿದರು.

ಆಮೇಲಿನ ದಿನಗಳಲ್ಲಿ ಗಂಡ ಹೆಂಡತಿಗೆ ಬೇಕು, ಬೇಡ ಎಂಬ ಎರಡೇ ಮಾತು. ಅವನು ಊಟ ಹೊರಗೇ ಮಾಡುತ್ತಿದ್ದ. ಆದರೆ ತಾರಸಿಯ ಮೆಟ್ಟಿಲಿಗೆ ಹೊಸ ಬಲ್ಬು ಬಂತು. ಬಚ್ಚಲ ಬಾಗಿಲಲ್ಲಿ ರಬ್ಬರ್ ಹಾಸು ಬಂತು. ಒಂದು ಸಂಜೆ ಸೊಸೆ ಮನೆಗೆ ಬಂದಾಗ ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಉಕ್ಕಿನ ಸರಳು ಜಡಿದಿತ್ತು, ಲಿಫ್ಟಿನೊಳಗೆ ಇರುತ್ತದಲ್ಲ, ಅಂಥದ್ದು. ಅತ್ತೆ ಅದನ್ನು ಎರಡು ಕೈಯಲ್ಲೂ ಹಿಡಿದು ಜಗ್ಗಿ ನೋಡಿದರು. "ಆನೆ ಜೋತು ಬಿದ್ರೂ ಕೀಳಲ್ಲ. ಬಾಯಿ ಬಿಟ್ಟು ಒಂದು ಮಾತಾಡಕ್ಕೆ ಮಾತ್ರ ಬರಲ್ಲ ಮಹಾರಾಯನಿಗೆ."

ಸೊಸೆಗೆ ರಜೆ ಇದ್ದ ದಿನ ಅತ್ತೆ ಒಂದು ಡಬ್ಬಿಯನ್ನು ಬೇರೆಯಾಗಿ ಕಟ್ಟಿ ಅವಳ ಕೈಗೆ ಕೊಟ್ಟರು. "ಅವನಿವತ್ತು ಹಳೇ ವಿಮೆ ಆಫೀಸಿನ ಲಿಫ್ಟ್ ಹತ್ತಿರ ಇದಾನೆ. ಕೊಟ್ಟು ಬಾ."

"ಮಾವ ಕೊಡ್ತಾರಲ್ಲ ಅತ್ತೆ."

"ಮಾವನ ಗಾಡಿ ಕೆಟ್ಟಿದೆ."

ಕೆಳಗೆ ಮಾವ ಮೊಪೆಡ್ ಚಾಲೂ ಮಾಡುತ್ತಿದ್ದ ಸದ್ದು ಇಬ್ಬರಿಗೂ ಕೇಳಿಸಿತು. ಸೊಸೆ ಡಬ್ಬಿ ತೆಗೆದುಕೊಂಡು ಹೊರಟಳು.

ವಿಮೆ ಆಫೀಸಿನ ಕೆಳಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು, ಅಡ್ಡಲಾಗಿ ಹಗ್ಗ ಕಟ್ಟಿದ್ದರು. ಗಂಡ ಹೊಂಡದಿಂದ ತಲೆ ಎತ್ತಿ ಅವಳನ್ನು ನೋಡಿ, "ಏನಾಯ್ತು?" ಎಂದು ಗಾಬರಿಯಿಂದ ಮೇಲೆ ಹತ್ತಿದ.

"ಏನೂ ಆಗಿಲ್ಲ. ಊಟ."

ಇಬ್ಬರೂ ಮೆಟ್ಟಿಲ ಮೇಲೆ ಕುಳಿತರು. ಡಬ್ಬಿಯಲ್ಲಿ ಹುರಿದ ಈರುಳ್ಳಿ ಧಾರಾಳವಾಗಿತ್ತು. ಅವನು ಮುಚ್ಚಳ ತೆಗೆದವನು ಅವಳ ಮುಖ ನೋಡಿ ಮತ್ತೆ ಮುಚ್ಚಿದ.

"ತಿನ್ನಿ. ನಾನು ಆ ಕಡೆ ತಿರುಗಿ ಕೂರ್ತೀನಿ."

ಅವನು ನಾಲ್ಕು ತುತ್ತು ತಿಂದ. ಆಮೇಲೆ ಡಬ್ಬಿ ನೋಡುತ್ತಲೇ ಹೇಳಿದ: "ಹೋದ ಸಲ ನಾನು ಎಲ್ಲರಿಗೂ ಹೇಳ್ಬಿಟ್ಟಿದ್ದೆ. ಜೊತೆ ಕೆಲಸದವರಿಗೆ, ವಾಚ್‌ಮನ್‌ಗಳಿಗೆ, ಎಲ್ಲರಿಗೂ. ಆಮೇಲೆ ಒಂದೊಂದು ಬಿಲ್ಡಿಂಗಿಗೆ ಹೋದಾಗಲೂ ಯಾರಾದ್ರೂ ಕೇಳೋರು, ಮಗು ಹೇಗಿದೆ ಅಂತ. ಒಬ್ಬೊಬ್ಬರಿಗೂ ಹೇಳ್ಬೇಕಾಯ್ತು."

ಅವಳಿಗೆ ಇದು ಗೊತ್ತಿರಲಿಲ್ಲ. "ಪರೀಕ್ಷೆ ಒಂದಕ್ಕೇ ಅಲ್ಲ ನಾನು ಮುಚ್ಚಿಟ್ಟಿದ್ದು. ನಾಲ್ಕನೇ ತಿಂಗಳು ದಾಟಲಿ, ಆಮೇಲೆ ಹೇಳೋಣ ಅಂತಿತ್ತು. ಹೋದ್ರೆ ನನಗೊಬ್ಬಳಿಗೇ ಹೋಗ್ಲಿ ಅಂತ."

"ನಿನಗೊಬ್ಬಳಿಗೇ ಹೇಗೆ ಹೋಗುತ್ತೆ? ಏನು ಮಾತಾಡ್ತೀಯ?" ಅವನು ನೀರು ಕುಡಿದು, ಡಬ್ಬಿ ಪಕ್ಕಕ್ಕಿಟ್ಟ. "ಕೂತ್ಕೊಂಡು ರುಚಿ ನೋಡಕ್ಕಾಗಲ್ವಾ?"

"ಎಲ್ಲರೂ ನಿಂತೇ ನೋಡೋದು."

"ಯಾಕೆ?"

ಅವಳು ಯೋಚಿಸಿದಳು.

ಮರುದಿನ ಅವಳು ದೊಡ್ಡವರ ಹತ್ತಿರ ಹೋಗಿ ವಿಷಯ ಹೇಳಿದಳು, ಎತ್ತರದ ಸ್ಟೂಲು ಕೇಳಿದಳು. ಪಕ್ಕದಲ್ಲಿದ್ದ ಮ್ಯಾನೇಜರ್ ಕೆಮ್ಮಿದರು. "ಹಾಗಾದ್ರೆ ಪರೀಕ್ಷೆ... ನೀವು ಹೇಗೂ ಕೆಲವು ತಿಂಗಳು ಇರಲ್ಲವಲ್ಲ."

"ಪರೀಕ್ಷೆ ನಾಲಿಗೆಗೆ," ಎಂದರು ದೊಡ್ಡವರು. "ನಾಲಿಗೆ ಬಂದಿದೆಯಲ್ಲ." ಆಮೇಲೆ ಅವಳ ಕಡೆ ತಿರುಗಿ, "ನನ್ನ ಮಂಡಿ ನೋವಿಗೆ ಇದು ಯಾಕಮ್ಮ ಹೊಳೀಲಿಲ್ಲ? ಎರಡು ಸ್ಟೂಲು ತರಿಸ್ತೀನಿ," ಎಂದರು.

ಪರೀಕ್ಷೆಯ ಬೆಳಗ್ಗೆ ಮನೆಯಲ್ಲಿ ಯಾರೂ ಸೋಪು ಹಾಕಿ ಸ್ನಾನ ಮಾಡಲಿಲ್ಲ. ಮಾವ ಮೀಸೆಗೆ ಹಚ್ಚುತ್ತಿದ್ದ ಸುಗಂಧದೆಣ್ಣೆಯನ್ನೂ ಬಿಟ್ಟರು. ಗಂಡ ಅವಳನ್ನು ಕಂಪನಿಯ ಬಾಗಿಲವರೆಗೆ ಬಿಟ್ಟು, "ಲಿಫ್ಟಲ್ಲೇ ಹೋಗು," ಎಂದ.

ಮೊದಲು ಗುರುತಿಸುವುದು. ಯಾವ ಎರಡು ಬಟ್ಟಲು ಒಂದೇ ತೋಟದವು, ಯಾವುದು ಹಳೆಯ ದಾಸ್ತಾನು, ಯಾವುದರಲ್ಲಿ ಬೆರಕೆ ಇದೆ. ಕನ್ನಡಕದವರು ಒಂದು ತುದಿಯಿಂದ, ಅವಳು ಇನ್ನೊಂದು ತುದಿಯಿಂದ. ನಡುವೆ ಒಮ್ಮೆ ಅವಳು ಎದ್ದು ಹೊರಗೆ ಹೋಗಿ, ವಾಂತಿ ಮಾಡಿ, ಬಾಯಿ ತೊಳೆದುಕೊಂಡು ಬಂದಳು. ಕನ್ನಡಕದವರು ಅವಳು ಬರುವ ತನಕ ಚಮಚ ಕೆಳಗಿಟ್ಟು ಕಾದರು.

ಕೊನೆಯಲ್ಲಿ ದೊಡ್ಡವರು ಐದು ಬಟ್ಟಲು ಮುಂದಿಟ್ಟರು. "ಹಾಲು ಹಾಕಿ ಕುಡಿಯೋ ಮನೆಗಳಿಗೆ ಒಂದು ಮಾಲು ಕೊಳ್ಳಬೇಕು. ಯಾವುದು ಕೊಳ್ತೀರಿ?"

ಅವಳು ಐದರ ರುಚಿಯನ್ನೂ ನೋಡಿ ಒಂದು ಬಟ್ಟಲು ಮುಟ್ಟಿದಳು. "ನಿಜ ಹೇಳ್ಬೇಕಂದ್ರೆ ನನಗೆ ಇವತ್ತು ಯಾವುದೂ ಸೇರ್ತಿಲ್ಲ ಸರ್. ಆದ್ರೆ ಇದರ ಒಗರು ಹಾಲಿಗೆ ಬಗ್ಗಲ್ಲ. ನಮ್ಮ ಮಾವ ಇದನ್ನ ಕುಡಿದು ಕೆಲಸಕ್ಕೆ ಎದ್ದು ಹೋಗ್ತಾರೆ. ಪಕ್ಕದ್ದು ಘಮ ಜಾಸ್ತಿ, ನಮ್ಮತ್ತೆ ಹೊಗಳ್ತಾರೆ, ಆದ್ರೆ ಇನ್ನೊಂದು ಸಲ ಕೊಳ್ಳಲ್ಲ. ನಾನು ಮೊದಲನೇದು ಕೊಳ್ತೀನಿ."

"ಮಾವನ ಬಾಯಿ ನಂಬ್ಕೊಂಡು ಕಂಪನಿ ನಡೆಸಕ್ಕಾಗುತ್ತಾ?" ಎಂದರು ಮ್ಯಾನೇಜರ್.

"ಪೊಟ್ಟಣ ಕೊಳ್ಳೋರು ಅತ್ತೆ ಮಾವಂದಿರೇ ಅಲ್ವಾ," ಎಂದರು ದೊಡ್ಡವರು. ಕನ್ನಡಕದವರೂ ಅದೇ ಬಟ್ಟಲನ್ನು ಮುಂದೆ ಸರಿಸಿದ್ದರು.

ಮುಂದಿನ ವಾರ ಫಲಿತಾಂಶ ಬಂತು. ಕುರ್ಚಿ ಕನ್ನಡಕದವರಿಗೆ.

ಅವಳು ಮನೆಗೆ ಬಂದು ಹೇಳಿದಾಗ ಎಲ್ಲರಿಗಿಂತ ಮೊದಲು ಸಿಟ್ಟಾದವನು ಗಂಡ. "ಬಸುರಿ ಅಂತ ಕೊಡ್ಲಿಲ್ವಾ? ನಾನು ಬರ್ತೀನಿ ನಾಳೆ, ಆ ಮ್ಯಾನೇಜರ್ ಹತ್ತಿರ ಮಾತಾಡ್ತೀನಿ!"

"ಅಯ್ಯೋ ಇವರನ್ನ ನೋಡಿ," ಎಂದಳು ಸೊಸೆ. "ಕೆಲಸ ಬಿಡು ಅಂದೋರು ನೀವೇನಾ?"

"ಅದು ಬೇರೆ. ಅವರು ಕೊಡದೆ ಇರೋದು ಬೇರೆ."

"ಕೂತ್ಕೊಳ್ಳಿ. ನಾನು ಎರಡು ಬಟ್ಟಲು ಅದಲು ಬದಲು ಹೇಳ್ದೆ. ಅವರು ಸರಿಯಾಗಿ ಹೇಳಿದ್ರು. ಸೋತಿದ್ದು ನಾನೇ." ಅಷ್ಟು ಹೇಳಿದ ಮೇಲೆ ಅವಳಿಗೆ ಅಳು ಬಂತು. ಅತ್ತೆ ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕುಳಿತು ಬಟಾಣಿ ಬಿಡಿಸುತ್ತಾ, ಅವಳು ಅಳುವಷ್ಟು ಅಳಲಿ ಎಂದು ಬಿಟ್ಟರು. ಆಮೇಲೆ ಅವಳ ಮಡಿಲಿಗೂ ಒಂದು ಹಿಡಿ ಬಟಾಣಿಕಾಯಿ ಹಾಕಿದರು. ಸೊಸೆ ಮೂಗು ಒರೆಸಿಕೊಂಡು ಬಿಡಿಸತೊಡಗಿದಳು.

"ಹೆರಿಗೆ ಆದ್ಮೇಲೆ ಬಾ, ಹಾಲಿನ ಟೀ ಪೊಟ್ಟಣಕ್ಕೆ ಪುಡಿ ಬೆರೆಸೋ ಕೆಲಸ ಪೂರ್ತಿ ನಿನ್ನ ಕೈಗೆ ಅಂದಿದಾರೆ ಕನ್ನಡಕದವರು," ಎಂದಳು ಕೊನೆಗೆ.

"ಹಾಗಾದ್ರೆ ನನ್ನ ನೌಕರಿ ಉಳೀತು," ಎಂದರು ಮಾವ.

ನಾಲ್ಕನೇ ತಿಂಗಳು ಕಳೆಯಿತು. ಯಾರೂ ಅದರ ಮಾತೆತ್ತಲಿಲ್ಲ, ಆದರೆ ಆ ತಿಂಗಳೆಲ್ಲ ಮನೆಯವರು ಮೆಲ್ಲಗೆ ಬಾಗಿಲು ಹಾಕಿ, ಮೆಲ್ಲಗೆ ನಡೆದು, ಮಲಗಿದ ಮಗುವಿರುವ ಮನೆಯಲ್ಲಿದ್ದಂತೆ ಇದ್ದರು. ಐದು, ಆರು ಕಳೆದವು. ಅತ್ತೆಯ ಒಲೆ ತಾರಸಿಯಲ್ಲೇ ಉಳಿಯಿತು. ಮೇಲೆ ಗಾಳಿ ಚೆನ್ನಾಗಿದೆ, ಇನ್ನು ಕೆಳಗೆ ಬರುವುದಿಲ್ಲ ಎಂದು ಅವರು ಹಟ ಹಿಡಿದರು. ಸೊಸೆ ಕೊನೆಯ ತಿಂಗಳವರೆಗೂ ಸ್ಟೂಲಿನ ಮೇಲೆ ಕುಳಿತು ರುಚಿ ನೋಡಿದಳು, ಒಂದು ಚಮಚವನ್ನೂ ಇಷ್ಟಪಡದೆ.

ಹೆಣ್ಣು ಮಗು ಹುಟ್ಟಿದ್ದು ಒಂದು ಮಧ್ಯಾಹ್ನ. ಮಾರನೆಯ ಬೆಳಗ್ಗೆ ಗಂಡ ಆಸ್ಪತ್ರೆಯ ಕ್ಯಾಂಟೀನಿನಿಂದ ಅಮ್ಮನಿಗೆಂದು ಕಾಗದದ ಲೋಟದಲ್ಲಿ ಚಹಾ ತಂದ. ಅತ್ತೆ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದರು. "ಥೂ, ಇದನ್ನ ಟೀ ಅಂತ ಮಾರ್ತಾರಾ!"

ಸೊಸೆ ಮಂಚದಿಂದ ಕೈ ಚಾಚಿದಳು. "ಇಲ್ಲಿ ಕೊಡಿ."

"ಬೇಡ ಕಣೆ, ಹೊಟ್ಟೆ ತೊಳಸುತ್ತೆ."

"ಕೊಡಿ ಅತ್ತೆ."

ಲೋಟ ತೆಗೆದುಕೊಂಡು ಮೂಗಿನ ಹತ್ತಿರ ತಂದಳು. ಗಂಡ ಅಭ್ಯಾಸಬಲದಿಂದ ಕೈಗೆ ಸಿಕ್ಕ ಬೋಗುಣಿ ಹಿಡಿದು ನಿಂತ. ಅವಳು ಒಂದು ಗುಟುಕು ಎಳೆದುಕೊಂಡಳು, ಬಾಯಲ್ಲಿ ಆಡಿಸಿದಳು. ಉಗುಳಲಿಲ್ಲ.

"ಹಳೇ ಪುಡಿ. ಬೆಳಗ್ಗೆಯಿಂದ ಕುದಿಸಿದ್ದನ್ನೇ ಕುದಿಸ್ತಿದಾರೆ. ಸಕ್ಕರೆ ಸುರಿದು ಮುಚ್ಚಿಹಾಕಿದಾರೆ."

"ಮತ್ತೆ? ಚೆಲ್ಲು ಇತ್ತ," ಎಂದರು ಅತ್ತೆ.

ಸೊಸೆ ಲೋಟ ಕೊಡಲಿಲ್ಲ. ಎರಡು ಕೈಯಲ್ಲೂ ಹಿಡಿದು, ಕಣ್ಣು ಮುಚ್ಚಿ, ಬಿಸಿಬಿಸಿಯಾಗಿ ಗುಟುಕು ಗುಟುಕಾಗಿ ತಳದವರೆಗೂ ಕುಡಿದಳು. ಪಕ್ಕದಲ್ಲಿ ಮಗು ನಿದ್ದೆಯಲ್ಲೇ ಬಾಯಿ ಚಪ್ಪರಿಸಿತು.

"ಇಷ್ಟು ಕೆಟ್ಟ ಟೀ ನಾನು ಕುಡಿದೇ ಇಲ್ಲ ಅತ್ತೆ," ಎಂದಳು. "ಎಷ್ಟು ಚೆನ್ನಾಗಿದೆ ಗೊತ್ತಾ!"